ಜಡ್ಜ್ ಸಾಹೇಬರ ಎಲೆಯ ಹೋಳಿಗೆ

ಕಮಲಾಪುರದ ಗಂಗೂಬಾಯಿಗೆ ಅವಳ ಚಿಕ್ಕಮ್ಮ ಮನೆಯನ್ನು ಉಯಿಲು ಬರೆದಿಟ್ಟಿದ್ದಳು. ಆ ಉಯಿಲೇ ಸುಳ್ಳೆಂದು ಗಂಗೂಬಾಯಿಯ ಅಣ್ಣ ತಕರಾರು ತೆಗೆದಿದ್ದ. ನಾನು ಅವಳ ವಕೀಲ.

ಒಂದು ದಿನ ಕಲಬುರಗಿಯ ನನ್ನ ಕಚೇರಿಗೆ ಓಡಿ ಬಂದಳು. “ವಕೀಲ ಸಾಹೇಬ್ರ, ಈ ಜಡ್ಜ್ ಬ್ಯಾಡ್ರಿ. ನಮ್ಮ ಓಣ್ಯಾಗಿನ ಮದುವ್ಯಾಗ ನಮ್ಮಣ್ಣ ಅವರ ಎಲಿಗೆ ಹೋಳಿಗಿ ಹಾಕ್ಯಾನ. ನಾನೇ ನೋಡೀನಿ.”

ಓಣಿಯ ಮದುವೆಯಲ್ಲಿ ಗಂಡಸರೆಲ್ಲ ಸೊಂಟಕ್ಕೆ ಟವೆಲ್ ಸುತ್ತಿ ಬಡಿಸುತ್ತಾರೆ, ಪಂಗತಿಯಲ್ಲಿ ಕೂತವರು ಯಾರೆಂದು ನೋಡುವುದಿಲ್ಲ. ನನಗದು ಗೊತ್ತಿತ್ತು. ಆದರೆ ಪಕ್ಷಪಾತ ನಡೆದದ್ದನ್ನು ತೋರಿಸಬೇಕಿಲ್ಲ, ಅದರ ಭಯಕ್ಕೆ ಕಾರಣವಿದ್ದರೆ ಸಾಕು ಎಂಬುದು ನಿಯಮ. ಪ್ರಕರಣವನ್ನು ಬೇರೆ ಕೋರ್ಟಿಗೆ ವರ್ಗಾಯಿಸಲು ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಬರೆದೇಬಿಟ್ಟೆ. ಅವರು ಅಭಿಪ್ರಾಯ ಕೇಳಿದಾಗ ನಮ್ಮ ಜಡ್ಜ್ ಬರೆದದ್ದು ಇಷ್ಟೇ: ‘ಹೋಳಿಗೆ ತಿಂದದ್ದು ನಿಜ. ವರ್ಗಾವಣೆಗೆ ಆಕ್ಷೇಪಣೆ ಇಲ್ಲ.’

ಹೊಸ ಕೋರ್ಟಿನಲ್ಲಿ ಅಣ್ಣ-ತಂಗಿ ರಾಜಿಯಾದರು.

ಮೊನ್ನೆ ನನ್ನ ಮಗಳ ಮದುವೆಗೆ ಆ ಜಡ್ಜ್ ಬಂದಿದ್ದರು. ಈಗ ನಿವೃತ್ತರು. ಅಕ್ಷತೆ ಹಾಕಿ ಹೊರಟವರನ್ನು ಊಟಕ್ಕೆ ಕರೆದೆ.

“ಬ್ಯಾಡ್ರಿ ವಕೀಲ್ರ. ಆವತ್ತಿನಿಂದ ಮದುವಿ ಊಟ ಬಿಟ್ಟೀನಿ” ಎಂದು ನಕ್ಕರು.

ಅತ್ತ ಪಂಗತಿಯಲ್ಲಿ ಅಣ್ಣನ ಪಕ್ಕದಲ್ಲೇ ಕೂತಿದ್ದ ಗಂಗೂಬಾಯಿ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದಳು.