ಮೆಹರುಬಿ ಕಲಿತ ‘ಸ್ಟೇಬಲ್’

ಬೇಡಕಿಹಾಳದ ಆಶಾ ಕಾರ್ಯಕರ್ತೆ ಮೆಹರುಬಿಗೆ ಮನೆಯ ಉರ್ದು, ಓಣಿಯ ಕನ್ನಡ, ನಿಪ್ಪಾಣಿ ಸಂತೆಯ ಮರಾಠಿ ಮೂರೂ ಸಲೀಸು. ಇಂಗ್ಲಿಷ್ ಶಬ್ದಗಳನ್ನು ಮಾತ್ರ ಹದಿನಾರು ವರ್ಷ ದವಾಖಾನೆಗಳ ಬಾಗಿಲಲ್ಲಿ ನಿಂತು ಹೆಕ್ಕಿಕೊಂಡಿದ್ದಳು. ಅರ್ಥ ಯಾರೂ ಹೇಳುತ್ತಿರಲಿಲ್ಲ, ಇವಳೂ ಕೇಳುತ್ತಿರಲಿಲ್ಲ. ಆಡಿದವರ ಮುಖ ನೋಡಿ ಅಂದಾಜು ಮಾಡುತ್ತಿದ್ದಳು.

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ಓಣಿಯ ಪದ್ಮವ್ವನಿಗೆ ನ್ಯುಮೋನಿಯಾ ಆಯಿತು. ಮಗ ಸಂಭಾಜಿ ಟ್ರ್ಯಾಕ್ಟರ್ ಜೊತೆ ಕಾರ್ಖಾನೆಯ ಸಾಲಿನಲ್ಲಿ ಸಿಕ್ಕಿಕೊಂಡಿದ್ದ. ಮೆಹರುಬಿಯೇ ಮುದುಕಿಯನ್ನು ಚಿಕ್ಕೋಡಿಯ ದವಾಖಾನೆಗೆ ಒಯ್ದಳು. ಸಂಜೆ ಡಾಕ್ಟರು ಪೇಶಂಟ್ ಸ್ಟೇಬಲ್ ಅಂದರು. ಅವರ ಮುಖ ಶಾಂತವಾಗಿತ್ತು. ಮೆಹರುಬಿ ಸಂಭಾಜಿಗೆ ಫೋನ್ ಮಾಡಿದಳು: “ನಿಮ್ಮವ್ವ ಸ್ಟೇಬಲ್ ಆಗ್ಯಾಳ, ಆರಾಮ ಅದಾಳ. ಗಾಡಿ ಖಾಲಿ ಮಾಡೇ ಬಾ.”

ಅವನು ಬಂದದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಪದ್ಮವ್ವನನ್ನು ಐಸಿಯುಗೆ ಸೇರಿಸಿ ಬಾಯಿಗೆ ನಳಿಕೆ ಹಾಕಿದ್ದರು. ಸಂಭಾಜಿ ಜಗಳ ತೆಗೆಯಲಿಲ್ಲ.

“ನೀ ಆರಾಮ ಅಂದಿ ಅಂತ ನಾ ಅಲ್ಲೇ ನಿಂತೆ, ಅಕ್ಕಾ,” ಎಂದವನೇ ಬೆಂಚಿನ ಆ ತುದಿಗೆ ಹೋಗಿ ಕುಳಿತ.

ಮೆಹರುಬಿ ನಾಚಿಕೆ ಬಿಟ್ಟು ನರ್ಸ್ ಮನಿಷಾಳ ಹತ್ತಿರ ಹೋಗಿ, ಆ ಶಬ್ದದ ಅರ್ಥವೇನೆಂದು ಕೇಳಿದಳು.

“ಸ್ಟೇಬಲ್ ಅಂದ್ರ ಆರಾಮ ಅಲ್ರಿ. ಈಗ ಇದ್ದಂಗ ಅದಾರ, ಏರಿಳಿತ ಇಲ್ಲ ಅಂತ. ಮುಂದಿಂದು ಅದರಾಗ ಬರಂಗಿಲ್ಲ,” ಎಂದಳು ಮನಿಷಾ.

ಪದ್ಮವ್ವ ಬದುಕಿದಳು; ಹನ್ನೊಂದನೆಯ ದಿನ ಮನೆಗೆ ಬಂದಳು. ಮೆಹರುಬಿ ಶಬ್ದವನ್ನು ಬಿಡಲಿಲ್ಲ. ಮೊದಮೊದಲು ಕಂಡದ್ದಕ್ಕೆಲ್ಲ ಹಚ್ಚಿದಳು. ನಿಲ್ದಾಣದಲ್ಲಿ ನಿಂತ ಬಸ್ಸೂ ಸ್ಟೇಬಲ್, ಎಮ್ಮೆಯ ಹಾಲೂ ಸ್ಟೇಬಲ್. ಮಗಳು ಗುಲನಾಜ ಬಿದ್ದು ಬಿದ್ದು ನಕ್ಕಳು. ಮನಿಷಾ ತಿದ್ದಿದಳು: ಬಸ್ಸು ಸುಮ್ಮನೆ ನಿಂತಿದೆ ಅಷ್ಟೇ; ಕೆಡಬಹುದಾದದ್ದು ಕೆಡದೆ ನಿಂತರೆ ಆ ಮಾತು. ಮಳೆಗಾಲದಲ್ಲಿ ದೂಧಗಂಗಾ ಹೊಳೆ ಏರಿ, ಗದ್ದೆಯಂಚಿಗೆ ಬಂದು ನಿಂತಾಗ ಮೆಹರುಬಿ ನೀರು ಸ್ಟೇಬಲ್ ಐತಿ ಅಂದಳು. ಯಾರೂ ನಗಲಿಲ್ಲ.

ಅದೇ ಮಳೆಯಲ್ಲಿ ಅವಳ ಗಂಡ ಹಾಜಿಮಲಂಗ ತಗಡಿನ ಛಾವಣಿಯಿಂದ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಅವನನ್ನೂ ಚಿಕ್ಕೋಡಿಯ ದವಾಖಾನೆಗೆ ಸೇರಿಸಿದರು. ಮಧ್ಯಾಹ್ನ ಡಾಕ್ಟರು ಬಂದು ಸ್ಟೇಬಲ್ ಅಂದಾಗ ಮೆಹರುಬಿ ಅವರ ಮುಖ ನೋಡಿ ಅಂದಾಜು ಮಾಡಲಿಲ್ಲ.

“ಯಾವಾಗಿಂದ ಸ್ಟೇಬಲ್ ಅದಾರ್ರಿ?” ಎಂದು ಕೇಳಿದಳು.

ಡಾಕ್ಟರು ಫೈಲಿನಿಂದ ತಲೆಯೆತ್ತಿದರು. ಮುಂಜಾನೆ ಹತ್ತರಿಂದ, ಇನ್ನೂ ಒಂದು ದಿನ ನೋಡಬೇಕು ಎಂದರು. ಅವಳು ಮೈದುನರಿಗೆ ಫೋನ್ ಮಾಡಿ ಅಷ್ಟನ್ನೇ ಹೇಳಿ, ಕೂಡಲೇ ಹೊರಡಲು ತಿಳಿಸಿದಳು. ಕತ್ತಲಾಗುವ ಮೊದಲೇ ಇಬ್ಬರೂ ಬಂದು ಮುಟ್ಟಿದರು. ನಾಲ್ಕನೆಯ ದಿನ ಹಾಜಿಮಲಂಗ ಎದ್ದು ಕುಳಿತು ಚಹಾ ಕೇಳಿದ.