ಚೆಂಬೂರಿನ ಜೇಡ, ಸುಮನ್‌ಳ ಎಡಗಣ್ಣು

ಚೆಂಬೂರಿನ ಮನೆಗೆ ಬಂದ ಮೊದಲ ದಿನ, ಹಾಲು ಉಕ್ಕಿಸಲು ಒಲೆ ಹಚ್ಚಿ ತಲೆ ಎತ್ತಿದರೆ ಗೋಡೆಯ ಮೇಲೆ ನನ್ನ ಅಂಗೈಯಗಲದ ಜೇಡ. ಅಂಗೈಯಗಲ ಎಂದು ಮಾತಿಗೆ ಹೇಳುತ್ತಿಲ್ಲ. ಕಂದು ಬಣ್ಣದ ಎಂಟು ಕಾಲನ್ನೂ ಏಡಿಯ ಹಾಗೆ ಅಡ್ಡಡ್ಡ ಚಾಚಿಕೊಂಡು ಗೋಡೆಗೆ ಅಂಟಿಕೊಂಡಿತ್ತು. ಬಲೆಯಿಲ್ಲ, ದಾರವಿಲ್ಲ. ನಾನು ಕಿರುಚಿದ ಕೂಡಲೇ ಅದು ಆ ಮೂಲೆಯಿಂದ ಈ ಮೂಲೆಗೆ ಓಡಿದ ರಭಸ ನೋಡಿ ಜೀವ ಬಾಯಿಗೆ ಬಂತು. ಹಾಲು ಉಕ್ಕಿ ಚೆಲ್ಲಿ ಒಲೆ ಆರಿಹೋಯಿತು. ನಮ್ಮವರು ಓಡಿ ಬಂದು, "ಹಾಲು ಉಕ್ತಲ್ಲ, ಶುಭ ಆಯ್ತು ಬಿಡು" ಎಂದು ನಕ್ಕರು. ಅವರಿಗೇನು, ಮರುದಿನದಿಂದ ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಗೆ ಹೊರಡುವವರು. ಮನೆಯಲ್ಲಿ ಉಳಿಯುವವರು ನಾನು ಮತ್ತು ಅದು.

ಮೈಸೂರಿನ ನಮ್ಮ ಮನೆಯಲ್ಲೂ ಜೇಡಗಳಿದ್ದವು. ಕಡಲೆಕಾಳಿನಷ್ಟು ಗಾತ್ರದವು, ಮೂಲೆಯಲ್ಲಿ ಬಲೆ ಕಟ್ಟಿಕೊಂಡು ತಮ್ಮ ಪಾಡಿಗೆ ತಾವಿರುತ್ತಿದ್ದವು. ಹಬ್ಬಕ್ಕೆ ಮುಂಚೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಬಲೆ ತೆಗೆದರೆ ಮುಗಿಯಿತು. ಅಲ್ಲಿ ಮನೆ ದೊಡ್ಡದು, ಜೇಡ ಚಿಕ್ಕದು. ಇಲ್ಲಿ ತಿರುಗಾಮುರುಗಾ. ಒಂದು ಹಾಲ್, ಒಂದು ರೂಮು, ಇಬ್ಬರು ನಿಂತರೆ ಮೂರನೆಯವರು ಹೊರಗೆ ಹೋಗಬೇಕಾದ ಅಡುಗೆಮನೆ. ಹಳೆಯ ಬಿಲ್ಡಿಂಗಿನ ನೆಲಮಹಡಿ, ಹಿಂದೆ ಗಟಾರ. ಗಟಾರದಿಂದ ಜಿರಳೆ, ಜಿರಳೆಯ ಹಿಂದೆ ಜೇಡ.

ಇದನ್ನು ನನಗೆ ತಿಳಿಸಿದವರು ಎದುರುಮನೆಯ ಜಲಜಕ್ಕ. ಉಡುಪಿ ಕಡೆಯವರು, ಗಂಡನದು ಸ್ಟೇಷನ್ ಹತ್ತಿರ ಸಣ್ಣ ಹೋಟೆಲು. ಮೂವತ್ತು ವರ್ಷದಿಂದ ಮುಂಬೈಯಲ್ಲಿದ್ದರೂ ಅವರ ಕನ್ನಡ ಇನ್ನೂ ಉಡುಪಿಯಲ್ಲೇ ಇತ್ತು.

"ಎಂಥ ಮಾರಾಯ್ತಿ, ಅದಕ್ಕೆ ಹೆದರುದಾ? ಅದು ಕಚ್ಚುದಿಲ್ಲ, ಮಣ್ಣೂ ಇಲ್ಲ. ಜಿರಳೆ ತಿಂತದೆ. ಇರ್ಲಿ ಬಿಡು."

"ಕಚ್ಚದಿದ್ದರೇನು ಜಲಜಕ್ಕ, ಮೈಮೇಲೆ ಉಚ್ಚೆ ಹೊಯ್ದರೆ ಗುಳ್ಳೆ ಏಳಲ್ವಾ? ನಮ್ಮಜ್ಜಿ ಹೇಳ್ತಿದ್ದರು."

"ನಿನ್ನಜ್ಜಿ!" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಉರಿದುಹೋಯಿತು. ನಮ್ಮ ಅಜ್ಜಿಯನ್ನು ನೋಡಿ ನಗಲು ಇವರು ಯಾರು? ಅವತ್ತೇ ತೀರ್ಮಾನ ಮಾಡಿದೆ, ಈ ಮನೆಯಲ್ಲಿ ಒಂದು ಜೇಡವನ್ನೂ ಉಳಿಸುವುದಿಲ್ಲ ಅಂತ. ಆದರೆ ನಾನಾಗಿ ಹೊಡೆಯುವಷ್ಟು ಧೈರ್ಯ ನನಗೆಲ್ಲಿಯದು. ಅದಕ್ಕೆ ಸುಮನ್ ಸಿಕ್ಕಳು.

ಮುಂಬೈಯಲ್ಲಿ ಮನೆಗೆಲಸದವಳನ್ನು ಬಾಯಿ ಅನ್ನುತ್ತಾರೆ. ಸುಮನ್ ಸಾತಾರಾ ಕಡೆಯ ಹಳ್ಳಿಯವಳು. ಗಂಡ ತೀರಿಹೋಗಿದ್ದ. ಎರಡು ಮಕ್ಕಳ ಜೊತೆ ಕುರ್ಲಾದ ಚಾಳಿನಲ್ಲಿದ್ದು, ಬೆಳಿಗ್ಗೆ ಲೋಕಲ್ ಹಿಡಿದು ಬರುತ್ತಿದ್ದಳು. ನಮ್ಮ ಮನೆ, ಜಲಜಕ್ಕನ ಮನೆ, ಮೇಲಿನ ಎರಡು ಮನೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಕರಾರು ಹಾಕಿದೆ: ಪಾತ್ರೆಗೆ ಮುಂಚೆ, ಕಸಕ್ಕೆ ಮುಂಚೆ, ಜೇಡ. ಏಳು ಗಂಟೆಗೆ ಬಂದವಳು ಮೊದಲು ಬಚ್ಚಲುಮನೆಯ ಬಾಗಿಲ ಹಿಂದೆ, ಗೀಸರಿನ ಹಿಂದೆ, ಸಿಂಕಿನ ಕೆಳಗೆ ನೋಡಬೇಕು. ಇದ್ದರೆ ಚಪ್ಪಲಿಯಲ್ಲಿ ಹೊಡೆಯಬೇಕು. ಅಲ್ಲಿಯವರೆಗೆ ನಾನು ಊಟದ ಮೇಜಿನ ಪಕ್ಕದ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಅಪ್ಪಣೆ ಕೊಡುತ್ತಿದ್ದೆ. ತಪ್ಪಿಸಿಕೊಂಡರೆ ಬೈಯುತ್ತಿದ್ದೆ, ಕನ್ನಡದಲ್ಲಿ, ಅವಳಿಗೆ ಅರ್ಥವಾಗುವುದಿಲ್ಲವೆಂಬ ಧೈರ್ಯದಲ್ಲಿ. ಅವಳು ನಗುತ್ತಿದ್ದಳು.

ಆ ಮೊದಲ ವರ್ಷ ನನ್ನ ಜೊತೆ ದಿನವೂ ಮಾತಾಡುತ್ತಿದ್ದವಳು ಅವಳೊಬ್ಬಳೇ. ಮೈಸೂರಿನಲ್ಲಿ ತರಕಾರಿಯವಳಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರ ಹತ್ತಿರವೂ ಜಗಲಿಯಲ್ಲಿ ನಿಂತು ಹರಟುತ್ತಿದ್ದ ನಾನು ಇಲ್ಲಿ ಮೂಗಿಯಾಗಿದ್ದೆ. ಬಿಲ್ಡಿಂಗಿನ ಹೆಂಗಸರು ಮೆಟ್ಟಿಲ ಹತ್ತಿರ ಗುಂಪು ಸೇರಿ ನಗುವಾಗ ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ಒಂದಕ್ಷರ ತಿಳಿಯದೆ ಅಳು ಬರುತ್ತಿತ್ತು. ಸುಮನ್ ನೆಲ ಒರೆಸುತ್ತಾ ನನಗೆ ಮರಾಠಿ ಕಲಿಸಿದಳು. ನೆಲಕ್ಕೆ ಲಾದಿ, ಒರೆಸುವ ಬಟ್ಟೆಗೆ ಫಡಕಂ, ಜೇಡಕ್ಕೆ ಕೋಳಿ. ನನ್ನನ್ನು ವಹಿನಿ ಎಂದು ಕರೆಯುತ್ತಿದ್ದಳು, ನಮ್ಮಲ್ಲಿ ಅತ್ತಿಗೆ ಅನ್ನುವ ಹಾಗೆ. ನಾನು ತಪ್ಪು ಮಾತಾಡಿದರೆ ತಿದ್ದುತ್ತಿದ್ದಳು. ಮಾರ್ಕೆಟ್ಟಿನಲ್ಲಿ ಮೊದಲ ಸಲ ಕೊತ್ತಂಬರಿಯನ್ನು ಮರಾಠಿಯಲ್ಲೇ ಕೇಳಿ ತಂದ ದಿನ ಅವಳು ನನಗಿಂತ ಹೆಚ್ಚು ಹಿಗ್ಗಿದಳು. ಪ್ರತಿಯಾಗಿ ನಾನು ಅವಳಿಗೆ ಏನು ಕೊಟ್ಟೆ? ಹಿಂದಿನ ದಿನದ ಸಾರು.

ಎರಡನೇ ವರ್ಷದ ಶ್ರಾವಣದಲ್ಲಿ, ಒಂದು ಮಂಗಳವಾರ, ಗೀಸರಿನ ಹಿಂದೆ ದೊಡ್ಡದೊಂದು ಸಿಕ್ಕಿತು. ಹೊಟ್ಟೆಯ ಕೆಳಗೆ ಸಂಡಿಗೆಯ ಹಾಗೆ ಬೆಳ್ಳಗೆ, ದುಂಡಗೆ ಏನನ್ನೋ ಅವುಚಿಕೊಂಡಿತ್ತು. ಚಪ್ಪಲಿ ಎತ್ತಿದ ಸುಮನ್ ಕೈ ಇಳಿಸಿದಳು.

"ಪಿಲ್ಲಂ ಆಹೇತ್ ಹಿಚೀ, ವಹಿನಿ."

ಇದರ ಮರಿಗಳಿವೆ ಅಂದಳು. ನನಗೂ ಅರ್ಥವಾಯಿತು, ಅಷ್ಟು ಮರಾಠಿ ಅವಳೇ ಕಲಿಸಿದ್ದಳು. ಮೊಟ್ಟೆ ಹೊತ್ತ ಜೇಡ ಓಡಲಿಲ್ಲ, ಇದ್ದಲ್ಲೇ ಕುಗ್ಗಿ ಕೂತಿತು. "ಹೊರಗೆ ಬಿಟ್ಟು ಬರ್ತೀನಿ, ಮೊರದಲ್ಲಿ ತಗೊಂಡು ಹೋಗ್ತೀನಿ" ಎಂದು ಸುಮನ್ ಮೊರ ತರಲು ಹೊರಟಳು. "ಮರಿ ಇದ್ದರೆ ಇನ್ನೂ ಒಳ್ಳೇದು, ಒಂದೇ ಏಟಿಗೆ ಎಲ್ಲ ಹೋಗುತ್ತೆ. ಮಾರ್!" ಎಂದು ಗದರಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಹೊಡೆದಳು. ಆಮೇಲೆ ಗೋಡೆ ಒರೆಸುವಾಗ ತುಟಿಯಲ್ಲೇ ಏನೋ ಹೇಳಿಕೊಂಡು ಗಲ್ಲ ಮುಟ್ಟಿಕೊಂಡಳು. ನಾನು ಕಾಫಿ ಸೋಸಲು ಹೋದೆ.

ಶುಕ್ರವಾರ ಅವಳ ಎಡಹಣೆಯಲ್ಲಿ ಗುಳ್ಳೆ ಎದ್ದಿದ್ದವು. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ, ಒಂದು ಮೂಗಿನ ತುದಿಯಲ್ಲಿ. ಬೆಂಕಿ ಇಟ್ಟ ಹಾಗೆ ಉರಿಯುತ್ತದೆ, ಮಧ್ಯಾಹ್ನ ದವಾಖಾನೆಗೆ ಹೋಗಿ ಬರುತ್ತೇನೆ, ಎರಡು ದಿನ ರಜೆ ಬೇಕು ಅಂದಳು.

ಎರಡು ದಿನ! ನಮ್ಮವರ ಅಕ್ಕ, ಭಾವ, ಅವರ ಮಗ, ಸೊಸೆ, ಮೊಮ್ಮಕ್ಕಳಿಬ್ಬರು, ಒಟ್ಟು ಆರು ಜನ ಮರುದಿನ ಬೆಳಿಗ್ಗೆ ಬೆಂಗಳೂರಿನಿಂದ ಬರುವವರಿದ್ದರು. ಆರು ಜನರ ಪಾತ್ರೆ, ಆರು ಜನರ ಹಾಸಿಗೆ. ಆಗಲೇ ಅಜ್ಜಿ ನೆನಪಾದರು.

"ಇದಕ್ಕೆ ದವಾಖಾನೆ ಯಾಕೆ? ಜೇಡ ಉಚ್ಚೆ ಹೊಯ್ದಿದೆ ಅಷ್ಟೇ. ಸೂಜಿ ಚುಚ್ಚಿಸಿದರೆ ನಂಜು ಒಳಗೆ ಹೋಗುತ್ತೆ. ಕೂತ್ಕೋ ಇಲ್ಲಿ" ಅಂದೆ. ಕುಂಡಕ್ಕೆ ಬಳಿಯಲು ತಂದಿದ್ದ ಕೆಮ್ಮಣ್ಣಿತ್ತು, ಇಲ್ಲಿ ಗೇರು ಅನ್ನುತ್ತಾರೆ. ಅರಿಶಿನದ ಜೊತೆ ಅದನ್ನು ಕಲಸಿ, ಹಣೆಯಿಂದ ರೆಪ್ಪೆಯವರೆಗೆ ದಪ್ಪಗೆ ಮೆತ್ತಿದೆ. ಐದು ದಿನ ನೀರು ತಾಗಿಸಬೇಡ ಎಂದೆ. ಅಜ್ಜಿ ಹೇಳಿದ್ದನ್ನು ನಿಜವಾಗಿ ನಂಬಿದ್ದೆನೋ, ನಂಬುವುದು ನನಗೆ ಅನುಕೂಲವಾಗಿತ್ತೋ, ಈಗಲೂ ಕೇಳಿಕೊಳ್ಳುತ್ತೇನೆ. ಸುಮನ್ ಮಾತ್ರ ಮಗುವಿನ ಹಾಗೆ ಮುಖ ಎತ್ತಿ ಕೂತಿದ್ದಳು. ನಾನು ಅವಳನ್ನು ಮುಟ್ಟಿದ್ದು ಅದೇ ಮೊದಲು.

ಬಾಗಿಲಲ್ಲಿ ಜಲಜಕ್ಕ ಅವಳನ್ನು ನೋಡಿ ದಂಗಾದರು. "ಇದೆಂಥ ಮೆತ್ತಿದ್ದು? ಅರ್ಧ ಮುಖಕ್ಕೆ ಮಾತ್ರ ಬಂದದ್ದು ನೋಡು. ನಮ್ಮ ಹೋಟೆಲಿನ ಭಟ್ರಿಗೆ ಸೊಂಟಕ್ಕೆ ಹೀಗೇ ಆಗಿತ್ತು. ಸರ್ಪಸುತ್ತು ಇದು. ಇವತ್ತೇ ಡಾಕ್ಟ್ರ ಹತ್ರ ಕಳ್ಸು."

"ಸರ್ಪಸುತ್ತು ಮುಖಕ್ಕೆ ಬರುತ್ತಾ ಜಲಜಕ್ಕ? ನನಗೆ ಗೊತ್ತಿದೆ ಬಿಡಿ. ನಮ್ಮ ಮನೆ ಔಷಧಿ."

"ಕಣ್ಣಿನ ಹತ್ರ ಉಂಟು ಮಾರಾಯ್ತಿ. ಹಟ ಮಾಡ್ಬೇಡ."

ಹಟ ಮಾಡಿದೆ. ನಮ್ಮಜ್ಜಿಯನ್ನು ನೋಡಿ ನಕ್ಕಿದ್ದರಲ್ಲ, ಗುಣವಾದ ಮುಖ ತೋರಿಸಿ ಅವರ ಬಾಯಿ ಮುಚ್ಚಿಸುವ ಚಪಲ.

ನಾಲ್ಕು ದಿನ ಸುಮನ್ ಮುಖಕ್ಕೆ ಕೆಮ್ಮಣ್ಣು ಮೆತ್ತಿಕೊಂಡೇ ಕೆಲಸ ಮಾಡಿದಳು. ನಮ್ಮವರ ಅಕ್ಕ ಅವಳನ್ನು ನೋಡಿ, "ಏನೇ ಇದು, ಇವಳು ಹೋಳಿ ಆಡ್ಕೊಂಡು ಬಂದಿದಾಳಾ?" ಅಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಸುಮನ್‌ಗೆ ಏನೂ ತಿಳಿಯದೆ ಅವಳೂ ನಕ್ಕಳು. ದಿನವೂ ಬೆಳಿಗ್ಗೆ ನಾನು ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಹಚ್ಚುತ್ತಿದ್ದೆ. ಉರಿ ತಡೆಯಲಾಗುತ್ತಿಲ್ಲ ಅಂದಾಗ, ನಂಜು ಹೊರಗೆ ಬರುತ್ತಿದೆ ತಡ್ಕೋ ಎನ್ನುತ್ತಿದ್ದೆ. ಅವಳು ತಡೆದುಕೊಂಡು ಆರು ಜನರ ಪಾತ್ರೆ ತಿಕ್ಕಿದಳು.

ಐದನೆಯ ದಿನ ನೆಂಟರು ಹೊರಟರು. ಮಣ್ಣು ತೊಳೆದು ನೋಡಿದರೆ ಕಣ್ಣು ಬಾತು ಮುಚ್ಚಿಹೋಗಿತ್ತು. ಬಲವಂತವಾಗಿ ಬಿಡಿಸಿದರೆ ಒಳಗೆ ಕೆಂಡದಂಥ ಕೆಂಪು. ಆಟೋ ಮಾಡಿಕೊಂಡು ಹತ್ತಿರದ ಒಬ್ಬ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಡಾಕ್ಟರು ಸುಮನ್‌ಳ ಕಣ್ಣು ನೋಡಿದರು, ಮಾತಾಡಿದ್ದು ನನ್ನ ಜೊತೆ, ಇಂಗ್ಲಿಷಿನಲ್ಲಿ. ಈ ಊರಿನಲ್ಲಿ ಬಾಯಿಯನ್ನು ಕರೆತಂದರೆ ರೋಗ ಬಾಯಿಯದು, ಮಾತು ಕರೆತಂದವರದು. ಇದು ಸರ್ಪಸುತ್ತು, ಜೇಡಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಮೂಗಿನ ತುದಿಗೆ ಗುಳ್ಳೆ ಬಂದರೆ ಕಣ್ಣಿಗೆ ಅಪಾಯ ಎಂದೇ ಅರ್ಥ ಎಂದರು. ಮೊದಲ ಎರಡು ಮೂರು ದಿನದಲ್ಲಿ ಮಾತ್ರೆ ಶುರು ಮಾಡಿದ್ದರೆ ಬಹುಶಃ ದೃಷ್ಟಿ ಉಳಿಯುತ್ತಿತ್ತು. ಈಗ ಹೇಳುವುದು ಕಷ್ಟ. ಆಮೇಲೆ ಹತ್ತಿಯಲ್ಲಿ ಅಂಟಿದ್ದ ಕೆಂಪನ್ನು ತೋರಿಸಿ ಕೇಳಿದರು, "ಈ ಮಣ್ಣು ಹಚ್ಚಿದ ಮೂರ್ಖರು ಯಾರು?"

"ಅವಳೇ ಹಚ್ಚಿಕೊಂಡಿದ್ದು ಡಾಕ್ಟರ್. ಓದಿಲ್ಲದ ಜನ, ಹೇಳಿದರೆ ಕೇಳಲ್ಲ," ಅಂದೆ. ಇಂಗ್ಲಿಷಿನಲ್ಲಿ, ಒಂದು ತಡವರಿಕೆಯೂ ಇಲ್ಲದೆ. ಪಕ್ಕದಲ್ಲೇ ಕೂತಿದ್ದ ಸುಮನ್ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು.

"ಅವಳಿಗೆ ನೀವೇ ತಿಳಿಸಿ ಹೇಳಿ," ಎಂದು ಡಾಕ್ಟರು ಮುಂದಿನವರನ್ನು ಕರೆದರು.

ಹೊರಗೆ ಬೆಂಚಿನ ಮೇಲೆ ಸುಮನ್ ಕೇಳಿದಳು, ಏನಂತೆ ವಹಿನಿ? ನಾನು ಹೇಳಿದೆ: "ಕೋಳ್ಯಾಚಂ ವಿಷ ಡೋಳ್ಯಾತ ಗೇಲಂ." ಜೇಡದ ವಿಷ ಕಣ್ಣಿಗೆ ಹೋಗಿದೆ ಅಂತ. ಅವಳು ತಿದ್ದಲಿಲ್ಲ. ತಿದ್ದಲು ಅದರಲ್ಲಿ ಏನೂ ಇರಲಿಲ್ಲ, ನಾನು ಮರಾಠಿಯಲ್ಲಿ ಆಡಿದ ಮೊದಲ ತಪ್ಪಿಲ್ಲದ ಮಾತು ಅದು. "ಮರಿಗಳಿದ್ದವಲ್ಲ ವಹಿನಿ, ನಾನು ಹೊಡೆಯಬಾರದಿತ್ತು. ಅದಕ್ಕೇ ಹೀಗಾಯ್ತು" ಅಂದಳು. ಆಮೇಲೆ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ನೀವು ಮಣ್ಣು ಹಚ್ಚದಿದ್ದರೆ ಇನ್ನೇನಾಗುತ್ತಿತ್ತೋ ಅಂದಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಎಡಗಣ್ಣು ಹೋಯಿತು. ಈಗ ಅದರಲ್ಲಿ ಬೆಳಕು ಕಾಣುತ್ತದೆ, ನೆರಳು ಕಾಣುತ್ತದೆ, ಮುಖ ಕಾಣುವುದಿಲ್ಲ. ಒಂದೇ ಕಣ್ಣಿನಲ್ಲಿ ಲೋಕಲ್ ಹತ್ತುವಾಗ ಒಮ್ಮೆ ಮೆಟ್ಟಿಲು ತಪ್ಪಿ ಮೊಣಕಾಲು ಒಡೆದುಕೊಂಡಳು. ಮೇಲಿನ ಎರಡು ಮನೆಯವರು, ಪಾತ್ರೆಯಲ್ಲಿ ಜಿಡ್ಡು ಉಳಿಯುತ್ತದೆ ಎಂದು ಅವಳನ್ನು ಬಿಡಿಸಿದರು.

ಜಲಜಕ್ಕ ಒಂದು ದಿನ ಒಳಗೆ ಬಂದು ಬಾಗಿಲು ಹಾಕಿಕೊಂಡರು. "ಅದು ಜೇಡ ಅಲ್ಲ, ಸರ್ಪಸುತ್ತು ಅಂತ ನಾನೂ ಹೇಳ್ಬಹುದಿತ್ತು ಅವಳಿಗೆ. ಗೊತ್ತುಂಟಲ್ಲ?"

"ಜಲಜಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗೆಲ್ಲ ಬೀಳುದು ಬೇಡ. ನಮ್ಮ ಭಾಷೆಯವಳು ಅಂತ ಬಾಯಿ ಮುಚ್ಕೊಂಡು ಕೂತಿದ್ದೇನೆ. ನನಗೆ ನನ್ನ ಮೇಲೇ ಹೇಸಿಗೆ ಆಗ್ತದೆ."

ಆಮೇಲೆ ಅವರು ನಮ್ಮ ಮನೆಗೆ ಬಂದಿಲ್ಲ. ಆದರೆ ಹೇಳಿಯೂ ಇಲ್ಲ. ಕನ್ನಡದವರೆಂಬ ಅಭಿಮಾನ ಪರಊರಿನಲ್ಲಿ ಯಾವುದಕ್ಕೆಲ್ಲ ಉಪಯೋಗಕ್ಕೆ ಬರುತ್ತದೆ ಎಂದು ನಾನು ಕಲಿತದ್ದು ಹೀಗೆ.

ಸುಮನ್ ಈಗ ಜೇಡ ಹೊಡೆಯುವುದಿಲ್ಲ. ಕಂಡರೆ ಕೈ ಮುಗಿದು ಪಕ್ಕಕ್ಕೆ ಸರಿಯುತ್ತಾಳೆ. ಹೊಡಿ ಎನ್ನಲು ನನಗೆ ಬಾಯಿಲ್ಲ. ನಮ್ಮ ಮನೆಯಲ್ಲಿ ಈಗ ಐದೋ ಆರೋ ಇವೆ. ಸ್ನಾನಕ್ಕೆ ಹೋದರೆ ಬಾಗಿಲ ಹಿಂದೊಂದು, ಒಲೆ ಹಚ್ಚಿದರೆ ಮೇಲೊಂದು. ಹೆದರಿಕೆ ಒಂದು ಚೂರೂ ಕಮ್ಮಿಯಾಗಿಲ್ಲ. ಬೆನ್ನು ಗೋಡೆಗೆ ಒತ್ತಿಕೊಂಡು, ಹಲ್ಲು ಕಚ್ಚಿಕೊಂಡು ಮೈಮೇಲೆ ನೀರು ಹೊಯ್ದುಕೊಳ್ಳುತ್ತೇನೆ.

ಆದರೆ ಬಿಲ್ಡಿಂಗಿನಲ್ಲಿ ನನಗೆ ಹೆಸರು ಬಂದಿದೆ. ಈ ವಹಿನಿ ನಾಲ್ಕು ದಿನ ಸ್ವಂತ ಕೈಯಿಂದ ನನಗೆ ಔಷಧಿ ಹಚ್ಚಿದಳು, ಬಾಯಿಗೆ ಯಾರು ಇಷ್ಟು ಮಾಡುತ್ತಾರೆ ಎಂದು ಸುಮನ್ ಎಲ್ಲರ ಹತ್ತಿರ ಹೇಳುತ್ತಾಳೆ. ಮೆಟ್ಟಿಲ ಹತ್ತಿರದ ಗುಂಪಿನಲ್ಲಿ ನನಗೀಗ ಜಾಗವಿದೆ. ಸಂಕ್ರಾಂತಿಯ ಹಳದಿ ಕುಂಕುಮಕ್ಕೆ ಮೊದಲ ಕರೆ ನನಗೇ. ಮೈಸೂರಿಗೆ ಹೋದಾಗ ತಂಗಿ ಕೇಳುತ್ತಾಳೆ, ಅಲ್ಲಿ ಹೊಂದಿಕೊಂಡೆಯಾ, ಇಲ್ಲ ವಾಪಸು ಬರುತ್ತೀಯಾ ಅಂತ. ಅಲ್ಲಿ ಅಜ್ಜಿಯ ಫೋಟೋ ಎದುರು ನಿಲ್ಲಲಾಗುವುದಿಲ್ಲ, ಇಲ್ಲಿ ಸುಮನ್ ಎದುರು. ಎರಡೂ ಊರು ನನ್ನನ್ನು ಒಳ್ಳೆಯವಳೆಂದು ತಿಳಿದುಕೊಂಡಿವೆ. ನಾನು ಎರಡು ಕಡೆಯೂ ಸುಳ್ಳು ಹೇಳಿ ಇರುವವಳು.

ನಿಜವನ್ನು ಒಂದು ಸಲವಾದರೂ ಎಲ್ಲಾದರೂ ಹೇಳಬೇಕಿತ್ತು. ಕನ್ನಡದಲ್ಲಿ ಹೇಳಿದ್ದೇನೆ, ಯಾಕೆಂದರೆ ಅವಳಿಗೆ ಕನ್ನಡ ಬರುವುದಿಲ್ಲ. ಧೈರ್ಯ ಎಂದು ನೀವು ತಪ್ಪು ತಿಳಿಯಬಾರದು.

ನಿನ್ನೆ ಇದನ್ನು ಬರೆಯುತ್ತಾ ಕೂತಿದ್ದಾಗ ಸುಮನ್ ಹಾಲ್ ಒರೆಸುತ್ತಿದ್ದಳು. ಊರಿಗೆ ಕಾಗದವಾ ವಹಿನಿ ಎಂದು ಕೇಳಿದಳು. ಹೌದು ಅಂದೆ. ನನ್ನ ವಿಷಯವೂ ಬರೆಯಿರಿ ಅಂದಳು. ಬರೆದಿದ್ದೇನೆ ಅಂದೆ. ಅವಳಿಗೆ ಖುಷಿಯಾಯಿತು. ಒದ್ದೆ ಕೈ ಸೀರೆಗೆ ಒರೆಸಿಕೊಂಡು ಹತ್ತಿರ ಬಂದು, ಕತ್ತು ವಾಲಿಸಿ, ಬಲಗಣ್ಣನ್ನು ಹಾಳೆಗೆ ತಾಗುವಷ್ಟು ಬಗ್ಗಿಸಿ ನೋಡಿದಳು.

"ಕಿತಿ ಛಾನ್ ಅಕ್ಷರ!" ಅಂದಳು. ಎಷ್ಟು ಚೆಂದದ ಅಕ್ಷರ ಅಂತ.

ಆಮೇಲೆ ಬಕೆಟ್ ಎಳೆದುಕೊಂಡು ಬಂದಳು. ನಾನು ಕಾಲೆತ್ತಿದೆ, ಅವಳು ಕೆಳಗೆ ಒರೆಸಿದಳು.