ಸಿಸ್ಟರ್ ನೋಡದ ಗೋಲು

ಅವರನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ನಿವೃತ್ತಿಯಾದರೂ ಆ ಹೆಸರು ಅವರನ್ನು ಬಿಡಲಿಲ್ಲ. ತರಕಾರಿ ಅಂಗಡಿಯವನಿಗೂ ಸಿಸ್ಟರ್, ಪಕ್ಕದ ಮನೆಯ ಅಜ್ಜಿಗೂ ಸಿಸ್ಟರ್.

ಅವರು ದುಡಿದ ಆಸ್ಪತ್ರೆಗೂ ಊರಿನ ಫುಟ್‌ಬಾಲ್ ಮೈದಾನಕ್ಕೂ ನಡುವೆ ಒಂದು ರಸ್ತೆ, ಒಂದು ಗೋಡೆ, ಅಷ್ಟೆ. ಗಂಡಸರ ವಾರ್ಡಿನ ಕೊನೆಯ ಕಿಟಕಿ ತೆರೆದರೆ ಮೈದಾನದ ಒಂದು ಮೂಲೆ ಕಾಣುತ್ತಿತ್ತು: ಮೂಲೆಯ ಬಾವುಟ, ಒಂದಿಷ್ಟು ಹುಲ್ಲು, ಆಗೊಮ್ಮೆ ಈಗೊಮ್ಮೆ ಚೆಂಡಿನ ಹಿಂದೆ ಓಡಿಬರುವ ಒಂದು ಜೊತೆ ಕಾಲು. ಉಳಿದದ್ದೆಲ್ಲ ಕಿವಿಗೆ ಬಿಟ್ಟದ್ದು. ಡ್ರಿಪ್ ಹಾಕುತ್ತಲೋ ಹಾಸಿಗೆಯ ಬಟ್ಟೆ ಬದಲಿಸುತ್ತಲೋ ಅವರು ಜನರ ಕೂಗಿನಿಂದಲೇ ಆಟವನ್ನು ಊಹಿಸಿಕೊಳ್ಳುತ್ತಿದ್ದರು. ಗೋಲಾದರೆ ಒಂದು ಬಗೆಯ ಕೂಗು, ಚೆಂಡು ಕಂಬಕ್ಕೆ ಬಡಿದರೆ ಇನ್ನೊಂದು. ಎದುರಾಳಿ ಗೋಲು ಹೊಡೆದರೆ ಮಾತ್ರ ಸದ್ದೇ ಇಲ್ಲ.

ಅವರ ಅಪ್ಪ ಅದೇ ಮೈದಾನದಲ್ಲಿ ಹುಲ್ಲು ಕತ್ತರಿಸಿ, ಸುಣ್ಣದ ಗೆರೆ ಎಳೆಯುತ್ತಿದ್ದವರು. ಆ ಗೆರೆಗಳ ಪಕ್ಕದಲ್ಲೇ ಓಡಾಡಿ ಬೆಳೆದ ಸಿಸ್ಟರ್‌ಗೆ ತಂಡವೆಂದರೆ ತವರುಮನೆ ಇದ್ದಂತೆ. ಆದರೆ ಆಟ ಶನಿವಾರ, ಡ್ಯೂಟಿಯೂ ಶನಿವಾರ. ಅಪ್ಪಿತಪ್ಪಿ ರಜೆ ಸಿಕ್ಕ ದಿನ ಮಗಳಿಗೆ ಜ್ವರ, ಇಲ್ಲವೇ ಅತ್ತೆಗೆ ಸೊಂಟನೋವು. ಕೆಲಸಕ್ಕೆ ಸೇರಿದಾಗಿನಿಂದ ಒಂದೇ ಒಂದು ಆಟವನ್ನೂ ಅವರು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿರಲಿಲ್ಲ.

ಹಾಗಾಗಿ ನಿವೃತ್ತಿಯಾದ ವಾರವೇ ಅವರು ತಂಡದ ಹಿರಿಯ ಅಭಿಮಾನಿಗಳ ಕೂಟಕ್ಕೆ ಸೇರಿದರು. ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡನ ತಲೆಗೆ ಇದು ಹತ್ತಲಿಲ್ಲ.

“ಅಲ್ಲ ಕಣೇ, ಈಗಲಾದ್ರೂ ಮನೇಲಿ ಆರಾಮಾಗಿರಬಾರ್ದಾ? ಆ ಮುದುಕರ ಮಧ್ಯೆ ನಿನಗೇನು ಕೆಲಸ?”

“ಅಲ್ಲಿ ಕೆಲಸ ಇಲ್ಲ ಅಂತಾನೇ ಹೋಗ್ತಿರೋದು ರೀ,” ಎಂದರು ಸಿಸ್ಟರ್.

ಕೂಟದ ಕೋಣೆ ಗ್ಯಾಲರಿಯ ಕೆಳಗಿತ್ತು. ನೆತ್ತಿಯ ಮೇಲೆ ಮೆಟ್ಟಿಲುಗಳಿದ್ದುದರಿಂದ ಚಾವಣಿ ಇಳಿಜಾರು. ಎತ್ತರದವರು ಬಾಗಿಲ ಬಳಿ ಕೂರಬೇಕು, ಕುಳ್ಳರಿಗೆ ಒಳಮೂಲೆ. ಅಧ್ಯಕ್ಷರು ಬೇಕರಿಯವರು. ಬೇಕರಿಯನ್ನು ಮಗನಿಗೆ ಒಪ್ಪಿಸಿ ಹೊಟ್ಟೆಯನ್ನು ಮಾತ್ರ ತಮ್ಮ ಬಳಿಯೇ ಉಳಿಸಿಕೊಂಡಿದ್ದ ಮನುಷ್ಯ. ಅವರ ಬಲಗೈ ಆಫ್‌ಸೈಡ್ ಮೇಷ್ಟ್ರು. ಎದುರಾಳಿಯ ಕಾಲಿಗೆ ಚೆಂಡು ಸಿಕ್ಕರೆ ಸಾಕು, ಎದ್ದು ನಿಂತು “ಆಫ್‌ಸೈಡ್!” ಎಂದು ಅರಚುತ್ತಿದ್ದುದರಿಂದ ಅವರಿಗೆ ಆ ಹೆಸರು.

ಮೊದಲ ದಿನ ಇಬ್ಬರೂ ಸಿಸ್ಟರ್‌ಗೆ ಕುರ್ಚಿ ಒರೆಸಿಕೊಟ್ಟರು, ಚಹಾ ತಂದುಕೊಟ್ಟರು. ಲೋಟ ಬರಿದಾಗುವ ಮುಂಚೆಯೇ ಬೇಕರಿಯವರು ಅಂಗಿಯ ತೋಳು ಮಡಚಿದರು.

“ಹೇಗೂ ಬಂದಿದ್ದೀರಲ್ಲ ಸಿಸ್ಟರ್, ಬಿಪಿ ಒಂದ್ಸಲ ನೋಡಿಬಿಡಿ. ಮಿಷನ್ ನಾನೇ ತಂದಿದ್ದೀನಿ.”

ಹೋಗಲಿ, ಒಂದು ಸಲ ತಾನೇ, ಎಂದು ಸಿಸ್ಟರ್ ನೋಡಿದರು. ಅದೇ ತಪ್ಪಾಯಿತು. ಮುಂದಿನ ವಾರ ಕೋಣೆಯಲ್ಲಿ ಸಾಲೇ ನಿಂತಿತ್ತು. ಮಂಡಿ, ಬೆನ್ನು, ಸಕ್ಕರೆ, ನಿದ್ದೆ, ಎಲ್ಲವೂ ಬಂದವು. ಅಲ್ಲಿಗೇ ಮುಗಿಯಲಿಲ್ಲ. ಆಟದ ದಿನ ಗ್ಯಾಲರಿಯಲ್ಲಿ ಅವರನ್ನು ನಟ್ಟನಡುವೆ ಕೂರಿಸಿದರು. ಅದು ಗೌರವವೆಂದು ಅವರು ತಿಳಿದದ್ದು ಬರೀ ಐದು ನಿಮಿಷ. ಎಡದಿಂದ ಒಬ್ಬರು ರಕ್ತ ಪರೀಕ್ಷೆಯ ಚೀಟಿ ಚಾಚಿದರೆ ಬಲದಿಂದ ಇನ್ನೊಬ್ಬರು ಮಾತ್ರೆಯ ಪಟ್ಟಿ ಚಾಚಿದರು. ಮೇಷ್ಟ್ರು ಕಾಲುಚೀಲ ಇಳಿಸಿ ಊದಿದ ಪಾದ ತೋರಿಸುತ್ತಿದ್ದಾಗಲೇ ತಂಡ ಗೋಲು ಹೊಡೆಯಿತು. ಸಿಸ್ಟರ್ ತಲೆಯೆತ್ತುವಷ್ಟರಲ್ಲಿ ಎಲ್ಲರೂ ತಬ್ಬಿಕೊಂಡು ಕುಣಿಯುತ್ತಿದ್ದರು, ಊದಿದ ಪಾದದ ಮೇಷ್ಟ್ರೂ ಸೇರಿ.

“ಆಟ ಮುಗಿಯೋವರೆಗೆ ನನ್ನನ್ನ ಯಾರೂ ಏನೂ ಕೇಳಬೇಡಿ,” ಎಂದು ಅವರು ನೇರವಾಗಿ ಹೇಳಿದರು.

“ತಪ್ಪಾಯ್ತು, ತಪ್ಪಾಯ್ತು,” ಎಂದರು ಎಲ್ಲರೂ. ಮುಂದಿನ ಶನಿವಾರ ಮತ್ತೆ, “ಇದೊಂದೇ ಸಿಸ್ಟರ್, ಆಮೇಲೆ ಬಾಯಿ ಬಿಡಲ್ಲ.”

ಸಿಸ್ಟರ್ ಒಂದು ಸಾಲು ಮೇಲೆ ಹೋಗಿ ಕೂತರು. ಕೂಟದವರು ಮೈದಾನಕ್ಕೆ ಬೆನ್ನು ಹಾಕಿ ಹಿಂದಕ್ಕೆ ತಿರುಗಿ ಕೂತರು. ಒಂದು ಸಲ ಗದರಿದ್ದಕ್ಕೆ ಮೇಷ್ಟ್ರು ಮುಖ ಸಣ್ಣ ಮಾಡಿಕೊಂಡು, “ಡಾಕ್ಟರು ನಮ್ಮ ಮಾತು ಎಲ್ಲಿ ಕೇಳ್ತಾರೆ ಹೇಳಿ,” ಎಂದುಬಿಟ್ಟರು. ಅದು ನಿಜವೆಂದು ಸಿಸ್ಟರ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೈಯಲೂ ಆಗದೆ, ನೋಡಲೂ ಆಗದೆ ಅವರು ಹಲ್ಲು ಕಚ್ಚಿಕೊಂಡು ಮೇಷ್ಟ್ರ ಪಾದ ಒತ್ತಿ ನೋಡಿದರು.

ಆ ವರ್ಷದ ಕೊನೆಯ ಆಟ ಪಕ್ಕದ ಊರಿನ ತಂಡದ ಮೇಲೆ. ಅವರನ್ನು ಸೋಲಿಸಿ ಎಷ್ಟೋ ಕಾಲವಾಗಿತ್ತು. ಸಿಸ್ಟರ್ ಅಂದು ಓದುವ ಕನ್ನಡಕವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದರು. ಚೀಟಿ ಚಾಚಿದವರಿಗೆಲ್ಲ “ಕಣ್ಣೇ ಕಾಣಲ್ಲ” ಎಂದು ಹೇಳಿ ಮುಖ ತಿರುಗಿಸಿದರು. ಉಪಾಯ ಫಲಿಸಿತು. ಮೊದಲರ್ಧ ಪೂರ್ತಿ ನೋಡಿದರು. ಎರಡನೆಯ ಅರ್ಧವೂ ಮುಕ್ಕಾಲು ಕಳೆಯಿತು. ಇನ್ನೂ ಗೋಲಿಲ್ಲ, ನಮ್ಮ ಹುಡುಗರು ಮೇಲಿಂದ ಮೇಲೆ ನುಗ್ಗುತ್ತಿದ್ದಾರೆ, ಸಿಸ್ಟರ್ ಸೀಟಿನ ತುದಿಗೆ ಬಂದಿದ್ದಾರೆ.

“ಸಿಸ್ಟರ್...” ಎಂದರು ಬೇಕರಿಯವರು.

“ಈಗ ಬೇಡ!”

“ಎದೆ... ಹಿಡ್ಕೊಂಡಂಗಾಗ್ತಿದೆ.”

ಸಿಸ್ಟರ್ ತಿರುಗಿದರು. ಬೇಕರಿಯವರ ಹಣೆಯ ತುಂಬ ಬೆವರು, ತುಟಿ ಬಿಳುಚಿತ್ತು. ಸಿಸ್ಟರ್ ಕೈ ತಾನಾಗಿಯೇ ನಾಡಿಗೆ ಹೋಯಿತು. ಆಂಬುಲೆನ್ಸ್ ಮೈದಾನದ ಗೇಟಿನಲ್ಲೇ ನಿಂತಿತ್ತು. “ಜೊತೆಗೆ ಯಾರು ಬರ್ತೀರಿ?” ಎಂದು ಡ್ರೈವರ್ ಕೇಳಿದಾಗ ಕೂಟಕ್ಕೆ ಕೂಟವೇ ಸಿಸ್ಟರ್ ಮುಖ ನೋಡಿತು.

“ನೀವಿದ್ದೀರಲ್ಲ ಸಿಸ್ಟರ್, ನಮಗೇನು ಭಯ?” ಎಂದರು ಮೇಷ್ಟ್ರು. ಹಾಗೆಂದು ಆಟದ ಕಡೆ ತಿರುಗಿ ಕೂತೇಬಿಟ್ಟರು.

ತುರ್ತು ಕೋಣೆಯಲ್ಲಿ ಬೇಕರಿಯವರ ಎದೆಗೆ ವೈರುಗಳನ್ನು ಅಂಟಿಸುತ್ತಿದ್ದಾಗ ರಸ್ತೆಯಾಚೆಯಿಂದ ಕೂಗು ಎದ್ದಿತು. ಕಿಟಕಿಯ ಗಾಜು ಅದುರಿತು. ಮಲಗಿದ್ದವರು ಕಣ್ಣು ಬಿಟ್ಟರು.

“ನಮ್ಮದೇನಾ ಸಿಸ್ಟರ್?”

“ನಮ್ಮದೇ,” ಎಂದರು ಸಿಸ್ಟರ್.

ಇಸಿಜಿ, ರಕ್ತ ಎಲ್ಲ ನೋಡಿ ಡಾಕ್ಟರು ಕೊನೆಗೆ ಹೇಳಿದ್ದು ಇಷ್ಟೇ: ಗ್ಯಾಸು. ವಿರಾಮದಲ್ಲಿ ಮಗನ ಬೇಕರಿಯಿಂದ ಬಂದ ಕ್ರೀಮ್ ಬನ್ನುಗಳನ್ನು ಈ ಮಹಾನುಭಾವರು ಒಂದರ ಹಿಂದೊಂದು ಮುಗಿಸಿದ್ದರಂತೆ. ಮನುಷ್ಯ ಬದುಕಿದನಲ್ಲ ಎಂದು ಸಿಸ್ಟರ್‌ಗೆ ನಿಜವಾಗಿಯೂ ನೆಮ್ಮದಿಯಾಯಿತು. ಹಾಗೆಯೇ ಅವನ ಕತ್ತು ಹಿಸುಕಿಬಿಡಬೇಕು ಎಂದೂ ಅನ್ನಿಸಿತು.

ಆಟ ಮುಗಿದ ಮೇಲೆ ಕೂಟದವರೆಲ್ಲ ಗೆದ್ದ ಖುಷಿಯಲ್ಲಿ ಆಸ್ಪತ್ರೆಗೆ ಬಂದರು. ಸಿಸ್ಟರ್ ಕೇಳಿದ್ದು ಒಂದೇ: “ಗೋಲು ಹೇಗಾಯ್ತು ಹೇಳಿ.”

ಒಬ್ಬರು ತಲೆಯಿಂದ ಎಂದರು, ಇನ್ನೊಬ್ಬರು ಎಡಗಾಲು ಎಂದರು. ಮೇಷ್ಟ್ರು, “ನಾನು ಆಗ ಲೈನ್‌ಮ್ಯಾನ್‌ಗೆ ಬೈತಾ ಇದ್ದೆ,” ಎಂದರು.

“ಒಬ್ಬರಾದ್ರೂ ನೆಟ್ಟಗೆ ನೋಡಬಾರದಿತ್ತಾ!” ಸಿಸ್ಟರ್ ಕಿರುಚಿದ ಭರಕ್ಕೆ ಕಾರಿಡಾರಿನಲ್ಲಿದ್ದ ಹೊಸ ನರ್ಸು ಬೆರಳನ್ನು ತುಟಿಯ ಮೇಲಿಟ್ಟಳು.

ಮನೆಗೆ ಬಂದ ಸಿಸ್ಟರ್ ಊಟ ಬೇಡವೆಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗೊಣಗಿಕೊಂಡೇ ಪಾತ್ರೆ ತೊಳೆದರು. ಗಂಡ ಎಲ್ಲವನ್ನೂ ಕೇಳಿಸಿಕೊಂಡು, “ಮೈದಾನಕ್ಕೆ ಇನ್ನೊಂದು ಕಡೆ ಇಲ್ವೇನೇ?” ಎಂದರು.

ಹೊಸ ಋತುವಿನ ಮೊದಲ ಆಟಕ್ಕೆ ಸಿಸ್ಟರ್ ಎದುರು ಗ್ಯಾಲರಿಯ ಟಿಕೆಟ್ ಕೊಂಡರು. ಅಲ್ಲಿ ನೆರಳಿಲ್ಲ, ಬಿಸಿಲು ನೇರ ಕಣ್ಣಿಗೆ. ಆದರೆ ಅಕ್ಕಪಕ್ಕದವರಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ಮೊದಲರ್ಧದಲ್ಲಿ ಅವರನ್ನು ಯಾರೂ ಮಾತನಾಡಿಸಲಿಲ್ಲ. ವಿರಾಮದಲ್ಲಿ ಬೇಕರಿಯವರು ಮೈದಾನ ಸುತ್ತಿಕೊಂಡು, ಏದುಸಿರು ಬಿಡುತ್ತಾ ಬಂದರು.

“ನೀವಿಲ್ದೆ ಅಲ್ಲಿ ಬಣಬಣ ಅಂತಿದೆ ಸಿಸ್ಟರ್. ವಾಪಸ್ ಬಂದುಬಿಡಿ.”

“ನಾನಿಲ್ದೆ ಬಣಬಣವೋ, ಬಿಪಿ ನೋಡೋರಿಲ್ದೆ ಬಣಬಣವೋ?”

ಬೇಕರಿಯವರು ಸುಳ್ಳು ಹೇಳಲಿಲ್ಲ. “ಎರಡೂ.”

ಸಿಸ್ಟರ್ ಷರತ್ತು ಹಾಕಿದರು. “ಬುಧವಾರ ಕೋಣೆಗೆ ಬರ್ತೀನಿ. ಎಲ್ಲರದ್ದೂ ನೋಡ್ತೀನಿ. ಶನಿವಾರ ಮಾತ್ರ ನಾನು ಯಾರೋ, ನೀವು ಯಾರೋ.”

“ಆಗಲಿ,” ಎಂದರು ಬೇಕರಿಯವರು. ವಾಪಸು ಹೋಗುವಷ್ಟರಲ್ಲಿ ರೆಫರಿ ಸೀಟಿ ಊದಿದ್ದರಿಂದ ಅಲ್ಲೇ ಪಕ್ಕದಲ್ಲಿ ಕೂತರು. ಸಿಸ್ಟರ್ ಎದ್ದು ಎರಡು ಸೀಟು ಆಚೆ ಹೋದರು.

ಎರಡನೆಯ ಅರ್ಧದಲ್ಲಿ ನಮ್ಮ ಗೋಲ್‌ಕೀಪರ್ ಕೈಗೆ ಬಂದ ಚೆಂಡನ್ನು ಜಾರಿಸಿದ. ಅದು ಅವನ ಮೊಣಕಾಲಿಗೆ ತಾಗಿ, ಕಂಬದ ಒಳಬದಿಗೆ ಬಡಿದು, ನಿಧಾನವಾಗಿ ಗೆರೆ ದಾಟಿತು. ಸಿಸ್ಟರ್ ಅದನ್ನು ಒಂದಿಂಚೂ ಬಿಡದೆ ನೋಡಿದರು. ತಂಡ ಆ ಒಂದು ಗೋಲಿನಿಂದ ಸೋತಿತು. ಆ ಗೋಲ್‌ಕೀಪರನನ್ನು ಬೈಯುತ್ತಲೇ ಅವರು ಗೇಟು ದಾಟಿದರು, ಬೈಯುತ್ತಲೇ ರಸ್ತೆ ದಾಟಿದರು.